ಇವತ್ತಿನ ಮೊಗ್ಗು ಹುಡುಕಿಕೊಂಡು ಹಾಲೆಂಡಿಗೆ

ನಂಜನಗೂಡು, ನಮ್ಮ ತಾರಸಿ

ಸಬ್ಬಕ್ಕಿ ಸಂಡಿಗೆಯ ಗಂಜಿಯನ್ನು ಹಳೇ ಪಂಚೆಯ ಮೇಲೆ ಚಮಚ ಚಮಚವಾಗಿ ಹುಯ್ಯುತ್ತಿದ್ದೆ. ಅರ್ಧ ಪಾತ್ರೆ ಇನ್ನೂ ಬಾಕಿ. ಆಗ ಮಗ ಮಹೇಶ ಮೆಟ್ಟಿಲು ಹತ್ತಿ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ.

‘ಅಮ್ಮ, ವೀಸಾ ಬಂತು.’

‘ಇಬ್ರದೂನಾ?’

‘ಇಬ್ರದೂ ಬಂತು. ನಂಗೆ ರಜಾ ಬರ್ಲಿಲ್ಲ. ನೀನೊಬ್ಳೇ ಹೋಗ್ಬೇಕಾಯ್ತದೆ.’

ಆ ಮಾತಿಗೆ ನನ್ನ ಕೈಯಲ್ಲಿದ್ದ ಸಂಡಿಗೆ ಹರಿದು ಹರಿದು ಅಂಗೈ ಅಗಲ ಆಯಿತು. ಬಾಣಲೆಗೆ ಹಿಡಿಸದ ಸಂಡಿಗೆಯನ್ನು ನಾನು ಹಾಕಿದ್ದು ಆವತ್ತೇ ಮೊದಲು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹೊರದೇಶದಲ್ಲಿರುವುದು ನನ್ನ ಸೊಸೆ ಶೋಭಾ. ಮಗ ಇಲ್ಲೇ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಶೋಭಾ ಹಾಲೆಂಡಿನಲ್ಲಿ ಮಲ್ಲಿಗೆ ಗಿಡದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ‘ಮಲ್ಲಿಗೆ ಓದಕ್ಕೆ ಮಲ್ಲಿಗೆ ಬೆಳೀದಿರೋ ದೇಶಕ್ಕೆ ಯಾಕೆ ಓಗ್ಬೇಕಿತ್ತು?’ ಎಂದು ಪಕ್ಕದ ಮನೆಯ ಪುಟ್ಟಮ್ಮ ಮೂರು ವರ್ಷದಿಂದ ಕೇಳುತ್ತಿದ್ದಾರೆ. ‘ಅಲ್ಲಿ ಮಿಷನ್ನು ಚೆನ್ನಾಗವಂತೆ’ ಎಂದು ನಾನೂ ಮೂರು ವರ್ಷದಿಂದ ಹೇಳುತ್ತಿದ್ದೇನೆ.

ಮಹೇಶ ಕೆಳಗಿಳಿಯಲಿಲ್ಲ. ಪಂಚೆಯ ಅಂಚಿಗೆ ಇಟ್ಟಿದ್ದ ಕಲ್ಲನ್ನು ಕಾಲಿನಿಂದ ಅತ್ತಿತ್ತ ಸರಿಸುತ್ತಾ ಹೇಳಿದ: ‘ಅವ್ಳ ಲೆಕ್ಕ ಯಾಕೋ ಸರಿಬರ್ತಿಲ್ವಂತೆ ಅಮ್ಮ. ಇನ್ನೊಂದೇ ಸಲ ಹೂ ಬಿಡೋದಂತೆ. ಅದೂ ಕೆಟ್ರೆ ಇನ್ನೊಂದು ವರ್ಷ ಅಲ್ಲೇ.’

ಮದುವೆಯಾಗಿ ಒಂದೂವರೆ ವರ್ಷ ಜೊತೆಗಿದ್ದ ಗಂಡಹೆಂಡತಿ. ಮೂರು ವರ್ಷ ಫೋನಿನಲ್ಲಿ ಸಂಸಾರ. ‘ನಂಜುಂಡ ಇದ್ದಾನೆ’ ಅಂದೆ. ಕೆಳಗಿನಿಂದ ನಮ್ಮ ಯಜಮಾನರು ಕೂಗಿದರು: ‘ಅಂಗಾದ್ರೆ ಒಂದು ತಿಂಗ್ಳು ಅಡುಗೆ ಯಾರು?’

ನಡುದಾರಿಯ ವಿಮಾನ ನಿಲ್ದಾಣ

ವಿಮಾನ ಬದಲಿಸುವ ಊರಿನಲ್ಲಿ ಬಾಗಿಲಿನಂಥ ಒಂದು ಚೌಕಟ್ಟಿನ ಕೆಳಗೆ ಎಲ್ಲರನ್ನೂ ದಾಟಿಸುತ್ತಿದ್ದರು. ನಾನು ದಾಟಿದ ಕೂಡಲೇ ಅದು ಕಿರುಚಿತು. ಬಳೆ ತೆಗೆದೆ, ಮತ್ತೆ ಕಿರುಚಿತು. ಆಗ ಗೊತ್ತಾಯಿತು, ಅದು ಕಿರುಚುತ್ತಿದ್ದುದು ನನ್ನ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಕಂಡು. ಅದರೊಳಗೆ ನನ್ನ ಇಷ್ಟಲಿಂಗ. ಹುಟ್ಟಿದ ಹನ್ನೊಂದನೆಯ ದಿನ ಕಟ್ಟಿಸಿದ್ದು. ಹೆರಿಗೆಯಲ್ಲೂ ತೆಗೆದಿಲ್ಲ, ಹೊಟ್ಟೆಯ ಆಪರೇಷನ್ನಿನಲ್ಲೂ ತೋಳಿಗೆ ಕಟ್ಟಿಸಿಕೊಂಡಿದ್ದೆ.

ಅಧಿಕಾರಿಣಿ ಪ್ಲಾಸ್ಟಿಕ್ ತಟ್ಟೆ ತೋರಿಸಿ ತೆಗೆದಿಡಿ ಎಂದು ಸನ್ನೆ ಮಾಡಿದಳು. ನಾನು ಎರಡೂ ಕೈಯಲ್ಲಿ ಮುಚ್ಚಿಕೊಂಡು ತಲೆಯಾಡಿಸಿದೆ. ನನ್ನ ಹಿಂದೆ ನೂರು ಜನ ನಿಂತರು. ಅವಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಸಾಲಿನಲ್ಲಿದ್ದ ಮಂಡ್ಯದ ಹೆಂಗಸೊಬ್ಬರು ಹೇಳಿದರು: ‘ಅದೇನು ಡಾಕ್ಟ್ರು ಹಾಕಿರೋ ಮಿಷನ್ನಾ, ತೆಗೆದ್ರೆ ಜೀವಕ್ಕೆ ತೊಂದ್ರೆಯಾ ಅಂತ ಕೇಳ್ತಾವ್ಳೆ ಕಣಕ್ಕ. ಊಂ ಅಂದ್ಬುಡಿ.’

ಸುಳ್ಳು ಹೇಳಬೇಕೇ? ಯೋಚಿಸಿದೆ. ಡಾಕ್ಟರು ಹಾಕಿದ್ದಲ್ಲ, ನಿಜ. ಆದರೆ ತೆಗೆದರೆ ನನ್ನ ಜೀವಕ್ಕೆ ತೊಂದರೆಯೇ. ಕೇಳಿದ ಎರಡು ಪ್ರಶ್ನೆಯಲ್ಲಿ ಎರಡನೆಯದಕ್ಕೆ ಮಾತ್ರ ‘ಹೂಂ’ ಅಂದೆ. ಪರದೆಯ ಹಿಂದೆ ಕರೆದುಕೊಂಡು ಹೋಗಿ, ಒಂದು ಕಡ್ಡಿಯನ್ನು ಅದರ ಮೇಲೆ ಮೂರು ಸಲ ಆಡಿಸಿ ಕಳಿಸಿಬಿಟ್ಟಳು. ಆರತಿ ಎತ್ತಿದ ಹಾಗೇ ಇತ್ತು. ಅವಳ ಹೊಟ್ಟೆ ತಣ್ಣಗಿರಲಿ.

ಶೋಭಾಳ ಮನೆ

ಶೋಭಾಳ ಮನೆ ಮೂರನೇ ಮಹಡಿ. ಮೆಟ್ಟಿಲು ಎಷ್ಟು ಕಡಿದೆಂದರೆ ನಮ್ಮ ಅಟ್ಟದ ಏಣಿ ಅದಕ್ಕಿಂತ ಮರ್ಯಾದಸ್ಥ. ಸೀರೆ ಎತ್ತಿ ಕಟ್ಟಿ, ನಾಲ್ಕು ಕಾಲಿನಲ್ಲಿ ಹತ್ತಿದೆ. ನಡುವೆ ಕೆಳಮನೆಯ ಅಜ್ಜಿ ಬಾಗಿಲು ತೆರೆದು, ಅಂಬೆಗಾಲಿನಲ್ಲಿದ್ದ ನನಗೆ ‘ಗುಡ್ ಮಾರ್ನಿಂಗ್’ ಅಂದರು. ನಾನೂ ಅಂದೆ.

ಆ ದೇಶದವರು ಕಿಟಕಿಗೆ ಪರದೆ ಹಾಕುವುದಿಲ್ಲ. ರಸ್ತೆಯಲ್ಲಿ ನಡೆದರೆ ಯಾರ ಮನೆಯಲ್ಲಿ ಯಾರು ಏನು ತಿನ್ನುತ್ತಿದ್ದಾರೆ ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ! ನಮ್ಮ ಪುಟ್ಟಮ್ಮನನ್ನು ಆ ಬೀದಿಗೆ ಬಿಟ್ಟರೆ ಊಟಕ್ಕೂ ಮನೆಗೆ ಬರುವುದಿಲ್ಲ. ಬೆಳಿಗ್ಗೆ ಅವರು ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಚಾಕೊಲೇಟಿನ ಜೀರಿಗೆಯಂಥ ಕಾಳು ಉದುರಿಸಿ ತಿನ್ನುತ್ತಾರೆ. ಮಕ್ಕಳಲ್ಲ, ಸೂಟು ಹಾಕಿದ ದೊಡ್ಡವರು. ಕೆಳಗೆ ಚೆಲ್ಲಿದ ಕಾಳನ್ನು ಇಲಿಯ ಹಿಕ್ಕೆಯೆಂದು ಎರಡು ದಿನ ಗುಡಿಸಿ ಹಾಕಿದೆ.

ಮಂಗಳವಾರ ಶೋಭಾಳ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿನ ಸಹಾಯಕ ಪೀಟರ್ ಅವರ ಐವತ್ತನೇ ಹುಟ್ಟುಹಬ್ಬ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ಅವರೇ ಕೇಕು ತಂದಿದ್ದರು. ಎಲ್ಲರೂ ಅವರ ಕೈಕುಲುಕಿದ ಮೇಲೆ ನನ್ನ ಕೈಯನ್ನೂ ಕುಲುಕಿ ಅಭಿನಂದನೆ ಹೇಳಿದರು.

‘ನಂಗ್ಯಾಕೆ?’ ಎಂದು ಶೋಭಾಳನ್ನು ಕೇಳಿದೆ.

‘ಇಲ್ಲಿ ಒಬ್ರು ಹುಟ್ಟಿದ್ರೆ ಜೊತೆಗಿರೋರ್ಗೆಲ್ಲಾ ಅಭಿನಂದನೆ ಅತ್ತೆ.’

ಒಪ್ಪತಕ್ಕ ಪದ್ಧತಿ. ಮಹೇಶ ಹುಟ್ಟಿದಾಗ ನನ್ನನ್ನು ಬಿಟ್ಟು ಮಿಕ್ಕೆಲ್ಲರಿಗೂ ಅಭಿನಂದನೆ ಬಂದಿತ್ತು.

ಶೋಭಾಳ ಗುರುಗಳು ಮರೈಕೆ ಎಂಬ ಹೆಂಗಸು. ಅಲ್ಲಿ ಎಲ್ಲರೂ ಅವರನ್ನು ಬರೀ ಹೆಸರು ಹಿಡಿದು ಕೂಗುತ್ತಾರೆ. ಗುರುವನ್ನು ಹಾಗೆ ಕೂಗಲು ನನ್ನ ನಾಲಿಗೆ ತಿರುಗಲಿಲ್ಲ. ಮೇಡಮ್ಮ ಎಂದೆ. ಮೇಡಮ್ಮ ಎಂದೇ ಬರೆಯುತ್ತೇನೆ.

ಗಾಜಿನ ಮನೆ

ಹೊರಗೆ ಚಳಿ. ಗಾಜಿನ ಮನೆಯ ಬಾಗಿಲು ತೆರೆದರೆ ನಮ್ಮೂರ ಏಪ್ರಿಲ್ಲು. ನೂರಾರು ಕುಂಡ, ನೂರಾರು ಮಲ್ಲಿಗೆ ಗಿಡ. ನನಗರಿವಿಲ್ಲದೆ ಕೈ ಮುಗಿದೆ. ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಆಸ್ಪತ್ರೆ ವಾರ್ಡಿನ ಹಾಗೆ ನಿಂತಿದ್ದವು ಪಾಪ.

ಮೇಡಮ್ಮ ಒಂದು ಹೂವನ್ನು ಕಿತ್ತು, ತಾವು ಮೂಗಿಗೆ ಹಿಡಿದು ದೀರ್ಘವಾಗಿ ಮೂಸಿ, ನನ್ನ ಮೂಗಿಗೂ ಹಿಡಿದರು. ನಾನು ಉಸಿರು ಬಿಗಿಹಿಡಿದೆ. ದೇವರಿಗೆ ಏರಿಸುವ ಮುಂಚೆ ಹೂವು ಮೂಸಬಾರದು, ಅದು ಎಂಜಲಿಗೆ ಸಮ. ಅವರು ಹಿಡಿದೇ ಇದ್ದರು, ನಾನು ಬಿಗಿಹಿಡಿದೇ ಇದ್ದೆ. ಮುಖ ಕೆಂಪಾದಾಗ ಶೋಭಾ ಬಂದು ಬಿಡಿಸಿದಳು. ಮೇಡಮ್ಮ ಕ್ಷಮೆ ಕೇಳಿ, ಮೂಸದ ಇನ್ನೊಂದು ಹೂವು ಕೊಟ್ಟು, ‘ಮೊದಲು ಅವನಿಗೆ’ ಎಂದು ಆಕಾಶ ತೋರಿಸಿದರು. ಒಳ್ಳೆಯ ಜೀವ.

ಶೋಭಾಳ ಕೆಲಸ ಏನೆಂಬುದು ಆವತ್ತೇ ನನಗೆ ಸರಿಯಾಗಿ ಅರ್ಥವಾದದ್ದು.

‘ಗಿಡದ ಎಲೆ, ಕಡ್ಡಿ, ಬೇರು, ಹೂವು ಎಲ್ಲದ್ರಲ್ಲೂ ಇರೋ ಜೀನು ಒಂದೇ ಅತ್ತೆ. ಅಡುಗೆ ಬರೆದಿಟ್ಟ ಪುಸ್ತಕ ಅನ್ಕೊಳ್ಳಿ. ಎಲ್ಲಾ ಕೋಣೇಲೂ ಅದೇ ಪುಸ್ತಕ. ಆದ್ರೆ ಯಾವ ಕೋಣೇಲಿ, ಯಾವ ವಯಸ್ಸಿಗೆ, ಯಾವ ಪುಟ ತೆಗೀತಾರೆ ಅನ್ನೋದು ಬೇರೆ ಬೇರೆ.’

‘ಪುಸ್ತಕ ತೆಗೆದ ಮಾತ್ರಕ್ಕೆ ಅಡುಗೆ ಆಗೋಯ್ತದಾ?’

‘ಇಲ್ಲ, ಮಾಡೋ ಕೈ ಬೇಕು. ಆ ಕೈಯೇ ಎನ್‌ಜೈಮು. ಸ್ಕೂಲಲ್ಲಿ ಕಿಣ್ವ ಅಂತಾರಲ್ಲ, ಅದು. ಘಮ ಮಾಡೋ ಪುಟ ಎಲೇಲೂ ಇದೆ, ಆದ್ರೆ ಎಲೆ ತೆಗಿಯಲ್ಲ. ಎಳೇ ಮೊಗ್ಗೂ ತೆಗಿಯಲ್ಲ. ಅರಳೋ ದಿನ ತೆಗೀತದೆ. ಯಾವಾಗ, ಎಷ್ಟು ಅಂತ ಹಿಡೀಬೇಕು ನಾನು.’

ನಮ್ಮ ಮಠದ ದಾಸೋಹದ ಹಾಗೆ ಅಂದುಕೊಂಡೆ. ಹೆಂಗಸರು ಬೆಳಗಿನಿಂದ ಕೂತೇ ಇರುತ್ತಾರೆ. ಗಂಟೆ ಬಾರಿಸಿದ ಮೇಲೆಯೇ ಎಲ್ಲರ ಸೌಟೂ ಒಟ್ಟಿಗೆ ಏಳುವುದು. ಸೊಸೆ ಹಿಡಿಯಬೇಕಿದ್ದದ್ದು ಆ ಗಂಟೆ.

‘ಮತ್ತೆ ತೊಂದ್ರೆ ಏನು?’

‘ಒಂದೇ ವಯಸ್ಸಿನ ಮೊಗ್ಗು ಅಂತ ಇಪ್ಪತ್ತು ಮಿಷನ್ನಿಗೆ ಹಾಕಿದ್ರೆ, ಹತ್ತು ಎದ್ದಿರ್ತವೆ, ಹತ್ತು ಮಲಗಿರ್ತವೆ. ಎರಡು ಸಲ ಹಿಂಗೇ ಆಯ್ತು. ಶನಿವಾರಕ್ಕೆ ಈ ಗಾಜಿನ ಮನೆ ಟೊಮೇಟೊ ಮಾಡೋರಿಗೆ ಬಿಟ್ಕೊಡ್ಬೇಕು.’ ಅವಳು ಚೀಟಿಯೊಂದನ್ನು ಬಿಗಿ ಮಾಡುವ ನೆಪದಲ್ಲಿ ಆ ಕಡೆ ತಿರುಗಿದಳು.

ಪೀಟರ್ ಮೊಗ್ಗು ಬಿಡಿಸುವುದನ್ನು ಆಗ ನೋಡಿದೆ. ಅವರ ಕೈಯಲ್ಲಿ ಅಕ್ಕಸಾಲಿಗರ ಬಳಿ ಇರುವಂಥ ಅಳತೆಯ ಇಕ್ಕಳ. ಪ್ರತಿ ಮೊಗ್ಗಿನ ಉದ್ದ ಅಳೆದು, ಇಷ್ಟುದ್ದ ಇದ್ದರೆ ‘ಇವತ್ತು ಅರಳುವುದು’, ಇಷ್ಟಿದ್ದರೆ ‘ನಾಳೆಯದು’ ಎಂದು ತಟ್ಟೆಗೆ ಹಾಕುತ್ತಿದ್ದರು. ಬಗ್ಗಿ ನೋಡಿದೆ. ‘ಇವತ್ತಿನ’ ತಟ್ಟೆಯಲ್ಲಿ ಅರ್ಧಕ್ಕರ್ಧ ನಾಳೆಯ ಮೊಗ್ಗು. ಎರಡು ಮೂರು ನಾಡಿದ್ದಿನವೂ ಇದ್ದವು!

ಬುಧವಾರ, ಎರಡು ಬಟ್ಟಲು

ನಾನು ಮೂಗೂರಿನ ಕಡೆಯವಳು. ಅಪ್ಪನಿಗೆ ಅರ್ಧ ಎಕರೆ ಮಲ್ಲಿಗೆ ಇತ್ತು. ಮದುವೆಯಾಗುವ ತನಕ ಬೆಳಕು ಹರಿಯುವ ಮುಂಚೆ ಮೊಗ್ಗು ಬಿಡಿಸಿ, ತಿ. ನರಸೀಪುರದ ಸಂತೆಗೆ ಹೋಗುವ ಬಸ್ಸಿಗೆ ಬುಟ್ಟಿ ಹತ್ತಿಸಿದ್ದೇನೆ. ಸಂಜೆ ಅರಳದ ಮೊಗ್ಗು ಒಂದು ಹಿಡಿ ಸೇರಿದ್ದರೂ ಹೂವಿನವಳು ಮಾರನೆಯ ದಿನ ಮುಖಕ್ಕೆ ಎಸೆಯುತ್ತಿದ್ದಳು. ಇವತ್ತಿನ ಮೊಗ್ಗು ಕೈಗೆ ಹಗುರ, ಹೊಟ್ಟೆ ಸಡಿಲ, ತುದಿಯಲ್ಲಿ ಹಾಲಿನ ಬಣ್ಣ. ನಾಳೆಯದಕ್ಕೆ ತುದಿಯಲ್ಲಿ ಹಸಿರು ನೆರಳು, ಮುಷ್ಟಿ ಬಿಗಿದ ಮಗುವಿನ ಕೈ. ಉದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹೇಳಿದರೆ ಸೊಸೆ ನಂಬಬೇಕಲ್ಲ. ‘ಅತ್ತೆ, ಅವ್ರು ಕೂದಲೆಳೆಯಷ್ಟು ವ್ಯತ್ಯಾಸ ಬರದಂಗೆ ಅಳೀತಾರೆ’ ಅಂದಳು.

‘ಅಳೀಲಿ. ನಂಗೆ ಎರಡು ಬಟ್ಲು ಕೊಡು.’

ಪೀಟರ್ ಬೇಡವೆಂದು ಬಿಟ್ಟಿದ್ದ ಒಂದು ತಟ್ಟೆ ಮೊಗ್ಗನ್ನು ಎರಡು ಬಟ್ಟಲಿಗೆ ಬೇರೆ ಮಾಡಿ, ಒಂದನ್ನು ತೋರಿಸಿ ಇವತ್ತು ಎಂದೆ, ಇನ್ನೊಂದನ್ನು ತೋರಿಸಿ ನಾಳೆ ಎಂದೆ. ಪೀಟರ್ ನಕ್ಕು, ಬಟ್ಟಲಿನ ಮೇಲೆ ಅದನ್ನೇ ಬರೆದರು.

ಸಂಜೆಗಾಗಿ ಕಾದೆವು. ಆ ದೇಶದಲ್ಲಿ ಬೇಸಿಗೆಯ ಸಂಜೆ ಬರುವುದೇ ಇಲ್ಲ. ರಾತ್ರಿ ಹತ್ತಕ್ಕೂ ಬಿಸಿಲು, ದೇವರ ದೀಪ ಯಾವಾಗ ಹಚ್ಚಬೇಕೋ ತಿಳಿಯದೆ ನಾನು ಎರಡು ದಿನ ಪರದಾಡಿದ್ದೆ. ಆದರೆ ಗಾಜಿನ ಮನೆಯೊಳಗೆ ಆರು ಗಂಟೆಗೆ ತಾವಾಗಿ ಕಪ್ಪು ಪರದೆ ಎಳೆದುಕೊಂಡು ಕತ್ತಲಾಗುತ್ತದೆ. ಗಿಡಗಳಿಗೆ ಊರಿನ ಹೊತ್ತು ತಪ್ಪಬಾರದಂತೆ. ಅತಿಥಿಗಳಲ್ಲಿ ಗಿಡಕ್ಕಿರುವ ಮರ್ಯಾದೆ ನನಗಿಲ್ಲವಲ್ಲ ಅನ್ನಿಸಿತು. ಅಂದಿನಿಂದ ನಾನೂ ಮಲ್ಲಿಗೆಯ ಗಡಿಯಾರಕ್ಕೇ ದೀಪ ಹಚ್ಚಿದೆ.

ಏಳು ಗಂಟೆಗೆ ಮೊದಲ ಬಟ್ಟಲು ಪೂರ್ತಿ ಅರಳಿತು, ಎರಡು ಮೊಗ್ಗು ಬಿಟ್ಟು. ಎರಡನೆಯ ಬಟ್ಟಲಿನಲ್ಲಿ ಒಂದೂ ಬಾಯಿ ಬಿಡಲಿಲ್ಲ. ಪೀಟರ್ ತಮ್ಮ ಇಕ್ಕಳವನ್ನು ಒಂದು ಸಲ ನೋಡಿ ಜೇಬಿಗೆ ಹಾಕಿಕೊಂಡರು. ಮೇಡಮ್ಮ ಬಗ್ಗಿ ಬಗ್ಗಿ ನೋಡಿ, ‘ಆ ಎರಡು ಯಾಕೆ ಅರಳಲಿಲ್ಲ?’ ಎಂದು ಶೋಭಾಳ ಬಾಯಿಂದ ಕೇಳಿಸಿದರು.

‘ನಂಗೂ ಕನ್ನಡಕ ಬಂದು ಆರು ವರ್ಷ ಆಯ್ತು ಅಂತ ಹೇಳವ್ವ.’

ಸಂತೋಷಕ್ಕೆ ಮೇಡಮ್ಮ ನನಗೊಂದು ಗುಟ್ಟು ಹೇಳಿದರು. ಮಲ್ಲಿಗೆಯ ಘಮದಲ್ಲಿ ಸೇರಿರುವ ಒಂದು ವಸ್ತುವನ್ನು ಬೇರೆ ತೆಗೆದು ಮೂಸಿದರೆ ಕಕ್ಕಸಿನ ವಾಸನೆಯಂತೆ. ನಲವತ್ತು ವರ್ಷದಿಂದ ನಂಜುಂಡನ ತಲೆಯ ಮೇಲೆ ನಾನು ಏನು ಏರಿಸುತ್ತಾ ಬಂದೆ ಎಂದು ಗಾಬರಿಯಾಯಿತು. ಆಮೇಲೆ ಇಂಗಿನ ಡಬ್ಬಿ ನೆನಪಾಯಿತು. ಇಂಗನ್ನು ಒಂದೇ ಮೂಸಿ ಯಾರಾದರೂ ಸಾರು ಬೇಡವೆಂದದ್ದುಂಟೇ? ಸಮಾಧಾನವಾಯಿತು.

ಗುರುವಾರ

ಇದನ್ನು ಬರೆಯಲು ನಾಚಿಕೆ. ಆದರೂ ಬರೆಯಬೇಕು.

ಬೆಳಿಗ್ಗೆ ನಾನು ತೋರಿಸಿದ ಮೊಗ್ಗನ್ನೇ ಬಿಡಿಸಿದರು. ಇವತ್ತಿನವು ಮುನ್ನೂರು, ಒದ್ದೆ ಬಟ್ಟೆಯ ಮೇಲೆ ಮುತ್ತಿನ ಹಾಗೆ. ಬೆಳಿಗ್ಗೆ ಒಂದು ಹಿಡಿ, ಮಧ್ಯಾಹ್ನ ಒಂದು ಹಿಡಿ, ಅರಳುವಾಗ ಒಂದು ಹಿಡಿ, ತಣ್ಣನೆಯ ಹೊಗೆಯಾಡುವ ಕ್ಯಾನಿನೊಳಗೆ ಹಾಕಿ ಕಲ್ಲಿನಂತೆ ಹೆಪ್ಪುಗಟ್ಟಿಸುತ್ತಾರೆ. ಯಾವ ಹೊತ್ತಿಗೆ ಯಾವ ಪುಟ ತೆರೆದಿತ್ತೋ ಹಾಗೇ ನಿಂತುಬಿಡುತ್ತದಂತೆ. ಬೆಳಗಿನ ಹಿಡಿ ಆಯಿತು. ‘ಅತ್ತೆ, ಹತ್ತು ನಿಮಿಷ ನೋಡ್ಕೊಂಡಿರಿ’ ಎಂದು ಎಲ್ಲರೂ ಕಾಫಿಗೆ ಹೋದರು.

ನೋಡಿಕೊಂಡೇ ಇದ್ದೆ. ಪಕ್ಕದಲ್ಲಿ ಚೀಟಿ ಕಟ್ಟುವ ದಾರದ ಉಂಡೆ. ಮನಸ್ಸು ಯಜಮಾನರು ಗ್ಯಾಸ್ ಆರಿಸಿರುತ್ತಾರೋ ಇಲ್ಲವೋ ಎಂಬ ಕಡೆ ಇತ್ತು. ಬಾಗಿಲ ಸದ್ದಿಗೆ ಎಚ್ಚೆತ್ತು ನೋಡಿದರೆ ನನ್ನ ತೊಡೆಯ ಮೇಲೆ ಎರಡು ಮೊಳ ಹೂವಿನ ದಂಡೆ! ಒತ್ತಾಗಿ, ಅಂದವಾಗಿ, ಒಂದು ಗಂಟೂ ಸಡಿಲವಿಲ್ಲದೆ. ಬಟ್ಟೆಯ ಮೇಲೆ ಉಳಿದದ್ದು ಒಂಬತ್ತು ಮೊಗ್ಗು.

‘ಅತ್ತೆ!’ ಅಂದಳು ಶೋಭಾ.

‘ನಾನಲ್ಲ ಕಣವ್ವ, ಕೈ’ ಅಂದೆ. ನಿಜವನ್ನೇ ಹೇಳಿದ್ದು.

ಮೇಡಮ್ಮ ಬೈಯಲಿಲ್ಲ. ದಾರ ಬಿಗಿದರೆ ಹೂವಿಗೆ ಗಾಯ, ಗಾಯವಾದರೆ ಅದು ಘಮದ ಪುಟ ಬಿಟ್ಟು ಬೇರೆ ಪುಟ ತೆರೆಯುತ್ತದೆ ಎಂದು ವಿವರಿಸಿದರು. ಕಳ್ಳ ನುಗ್ಗಿದ ಮನೆಯಲ್ಲಿ ಅಡುಗೆಯವಳು ಸೌಟು ಬಿಟ್ಟು ಒನಕೆ ಹಿಡಿದ ಹಾಗೆ. ಬಿಚ್ಚಿದರೂ ಪ್ರಯೋಜನವಿಲ್ಲ. ಆ ದಿನದ ಕೆಲಸ ಹೋಯಿತು. ಉಳಿದದ್ದು ಒಂದೇ ಬೆಳಗು.

ಶೋಭಾ ನನ್ನ ಚೀಲವನ್ನೂ ತಾನೇ ಹೊತ್ತು ಮನೆಗೆ ಕರೆತಂದಳು. ಅವಳು ಬಾಯಿಬಿಟ್ಟು ಬೈದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು. ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟು ಅತ್ತಳು, ನೀರಿನ ಸದ್ದಿಗೆ ಅತ್ತೆಗೆ ಕೇಳಿಸುವುದಿಲ್ಲ ಅಂತ. ನಾನು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತು ಹರಕೆ ಹೊತ್ತೆ: ‘ಅಪ್ಪಾ ನಂಜುಂಡ, ನಾಳೆಯದೊಂದು ಉಳಿಸಿಕೊಡು, ನಮ್ಮ ಯಜಮಾನರ ಮುಡಿ ಕೊಡಿಸುತ್ತೇನೆ.’ ನಮ್ಮ ಯಜಮಾನರಿಗೆ ಕೂದಲು ಇರುವುದು ಕಿವಿಯ ಹಿಂದೆ ಮಾತ್ರ. ಆದರೆ ಹರಕೆಯಲ್ಲಿ ತೂಕ ಹೇಳಿರಲಿಲ್ಲ.

ಶುಕ್ರವಾರ

ಕಟ್ಟಿದ ಹೂವನ್ನು ಬಿಸಾಡಲು ಮನಸ್ಸು ಬರಲಿಲ್ಲ. ದೇವರ ಪಟಕ್ಕೆ ಒಂದು ಮೊಳ ಏರಿಸಿ, ಇನ್ನೊಂದು ಮೊಳವನ್ನು ಬೆಳಿಗ್ಗೆ ಆ ಹೊಗೆಯಾಡುವ ಕ್ಯಾನಿನ ಕೊರಳಿಗೆ ಹಾಕಿ, ಮೂರು ಬೆರಳಿನಲ್ಲಿ ಇಬ್ಬುತಿ ಎಳೆದೆ. ಆಯುಧಪೂಜೆಗೆ ಮಾಡುವುದಿಲ್ಲವೇ? ಶೋಭಾ ಬೇಡ ಅನ್ನಲಿಲ್ಲ. ಮೇಡಮ್ಮ ಫೋಟೊ ತೆಗೆದುಕೊಂಡರು.

ನನ್ನ ಕೈಯನ್ನು ಏನು ಮಾಡುವುದೆಂದು ಚರ್ಚೆ ನಡೆಯಿತು. ಉಪಾಯ ಪೀಟರ್ ಅವರದು. ತುಳುಕುವಷ್ಟು ತುಂಬಿದ ಎರಡು ಟೀ ಲೋಟ ತಂದು ನನ್ನ ಒಂದೊಂದು ಕೈಗೂ ಒಂದೊಂದು ಕೊಟ್ಟರು. ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ನಡೆದೆ. ‘ಅದು’, ‘ಅದಲ್ಲ’, ‘ಅದ್ರ ತಂಗಿ’ ಎಂದು ಗಲ್ಲದಲ್ಲಿ ತೋರಿಸಿದೆ. ಮುಟ್ಟದೆ ತಿಳಿಯದ ಮೊಗ್ಗನ್ನು ಶೋಭಾ ನನ್ನ ಕೆನ್ನೆಗೆ ತಾಗಿಸಿದಳು. ಬಿಗಿ ಗೊತ್ತಾಯಿತು. ಎಳೆಯೆಲೆ, ಬಲಿತ ಎಲೆ, ಕಡ್ಡಿ, ಅಕ್ಕಿಕಾಳಿನಂಥ ಮೊಗ್ಗು, ನಾಳೆಯದು, ಇವತ್ತಿನದು, ನಿನ್ನೆ ಅರಳಿ ಬಾಡಿದ್ದು, ಎಲ್ಲ ಬೇರೆ ಬೇರೆ ತಟ್ಟೆ. ಟೀ ಆರಿದಾಗ ಪೀಟರ್ ಲೋಟ ಬದಲಿಸಿದರು. ಮೂರು ಹೊತ್ತಿನ ಹಿಡಿಯೂ ಕ್ಯಾನಿಗೆ ಬಿದ್ದ ಮೇಲೆಯೇ ನನ್ನ ಕೈಗೆ ಬಿಡುಗಡೆ. ಒಂದು ತೊಟ್ಟು ಟೀ ಕುಡಿಯಲಿಲ್ಲ. ಮಲ್ಲಿಗೆಯ ಮೇಲೆ ಆಣೆ.

ಮಿಷನ್ನುಗಳು ಉತ್ತರ ಹೇಳಲು ಹತ್ತು ದಿನ ತೆಗೆದುಕೊಂಡವು. ಆ ಹತ್ತು ದಿನ ನಾನು ಏನು ನೋಡಿದೆನೋ ನೆನಪಿಲ್ಲ. ಗಾಳಿಯಂತ್ರ ತೋರಿಸಿದರಂತೆ, ಫೋಟೊದಲ್ಲಿ ನಾನಿದ್ದೇನೆ.

ಹನ್ನೊಂದನೆಯ ದಿನ ಶೋಭಾ ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯ ಮೇಲೆ ಕಂಬಗಳ ಸಾಲು. ಎಲೆ, ಕಡ್ಡಿ ನೆಲಕ್ಕಂಟಿದ್ದವು. ಅಕ್ಕಿಕಾಳಿನ ಮೊಗ್ಗು ಅಷ್ಟೇ. ನಾಳೆಯದು ಹೊಸಿಲಿನಷ್ಟು. ಇವತ್ತಿನ ಮೊಗ್ಗು ಬೆಳಿಗ್ಗೆ ಸೊಂಟದವರೆಗೆ, ಅರಳುವ ಹೊತ್ತಿಗೆ ಸೂರಿನವರೆಗೆ. ಬಾಡಿದ್ದು ಮತ್ತೆ ಕೆಳಗೆ. ಜೀನಿನ ಕಂಬ ಮೊದಲು ಏಳುತ್ತದೆ, ಕಿಣ್ವದ ಕಂಬ ಅದರ ಹಿಂದೆಯೇ. ಮೊದಲು ಪುಸ್ತಕ ತೆಗೆದು, ಆಮೇಲೆ ಸೆರಗು ಸಿಕ್ಕಿಸಿದ ಹಾಗೆ.

‘ಚೆನ್ನಾಗದೆ ಅಲ್ವಾ?’ ಎಂದೆ ಹೆದರುತ್ತಾ.

‘ಇಪ್ಪತ್ತಕ್ಕಿಪ್ಪತ್ತೂ ಒಂದೇ ಮಾತು ಹೇಳ್ತಿವೆ ಅತ್ತೆ. ಮರೈಕೆ ಸಾಕು ಅಂದ್ರು. ಬರೆಯೋದೊಂದೇ ಬಾಕಿ, ಅದನ್ನ ಊರಲ್ಲಿ ಕೂತೂ ಬರೀಬಹುದು.’ ಅಷ್ಟು ಹೇಳಿ ಅವಳು ನನ್ನ ಹೆಗಲಿಗೆ ಮುಖ ಒತ್ತಿದಳು. ಈ ಸಲ ನಲ್ಲಿ ಬಿಡಲಿಲ್ಲ.

ಮತ್ತೆ ನಂಜನಗೂಡು

ಬಂದ ಮರುದಿನವೇ ಯಜಮಾನರನ್ನು ಕಪಿಲಾ ಸ್ನಾನಘಟ್ಟಕ್ಕೆ ಕರೆದುಕೊಂಡು ಹೋದೆ. ‘ನಿನ್ನ ಹರಕೆಗೆ ನನ್ನ ತಲೆ ಯಾಕೆ?’ ಎಂದು ದಾರಿಯುದ್ದಕ್ಕೂ ಕೇಳಿದರು. ಕ್ಷೌರದವನು ಎಲ್ಲಿಂದ ಶುರುಮಾಡಲಿ ಎಂದು ಒಂದು ಸುತ್ತು ಬಂದು ನೋಡಿದ.

ಪುಟ್ಟಮ್ಮ ಜಗುಲಿಯಲ್ಲೇ ಕಾದಿದ್ದರು. ‘ಏನ್ ಮಾಡ್ಕೊಂಡ್ ಬಂದ್ರಿ ಒಂದು ತಿಂಗ್ಳು?’

‘ಹೂ ಬಿಡಿಸ್ದೆ.’

‘ಹೂ ಬಿಡ್ಸಕ್ಕೆ ಇಮಾನದಲ್ಲಿ ಓದ್ರಾ? ನಮ್ಮಳ್ಳಿಗೆ ಬಂದಿದ್ರೆ ಬಸ್ಸಲ್ಲೇ ಆಗ್ತಿತ್ತಲ್ಲ ಕಣಕ್ಕ!’

‘ಅದೂ ಬಿಡಿಸ್ಲಿಲ್ಲ. ಬರೀ ತೋರಿಸ್ದೆ’ ಅಂದೆ. ಅವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಮಹೇಶ ಕಚೇರಿಯಿಂದ ಬೇಗ ಬಂದ. ಅವನಿಗೆ ಫೋನಿನಲ್ಲೇ ಎಲ್ಲ ಗೊತ್ತಿತ್ತು. ಆದರೂ ನಾನು ತಂದ ಪೆಟ್ಟಿಗೆಯ ಚಕ್ರ ಉರುಳಿಸುತ್ತಾ, ಯಾರದೋ ಸುದ್ದಿ ಕೇಳುವವನ ಹಾಗೆ ಕೇಳಿದ: ‘ಬರೋದು ಗ್ಯಾರಂಟಿ ಅಂದ್ಲಾ ಅಮ್ಮ?’

‘ದೀಪಾವಳಿಗೆ ಇಲ್ಲೇ.’

ಅವನು ‘ಓ, ಸರಿ’ ಎಂದು ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಧಡಾರೆಂಬ ಸದ್ದು. ಹೋಗಿ ನೋಡಿದರೆ, ಶೋಭಾಳ ಓದುವ ಮೇಜನ್ನು ಗೋಡೆಯಿಂದ ಎಳೆಯಲು ಹೋಗಿ ನನ್ನ ಉಪ್ಪಿನಕಾಯಿ ಜಾಡಿಗಳ ನಡುವೆ ಸಿಕ್ಕಿಕೊಂಡು ನಿಂತಿದ್ದಾನೆ. ಮೂರು ವರ್ಷದಿಂದ ಆ ಮೇಜು ನನ್ನ ಉಗ್ರಾಣ. ನಿಂಬೆ, ಮಾವು, ಅಮಟೆ, ಮೇಲೆ ಹುಣಸೆಹಣ್ಣಿನ ಕುಡಿಕೆ, ಕೆಳಗೆ ಈರುಳ್ಳಿ. ಯಾವುದೂ ಒಡೆದಿರಲಿಲ್ಲ. ಅದೂ ನಂಜುಂಡನ ದಯೆಯೇ.

‘ಸರಿ ಆ ಕಡೆ. ನಿನ್ಗೆ ಗೊತ್ತಾಗಲ್ಲ’ ಎಂದು ಅವನನ್ನು ಹೊರಗೆ ಕಳಿಸಿ, ಜಾಡಿಗಳನ್ನು ಒಂದೊಂದಾಗಿ ಅಡುಗೆಮನೆಗೆ ಸಾಗಿಸಿದೆ. ಮೇಜಿನ ಮೇಲೆ ಎಣ್ಣೆಯ ಏಳು ದುಂಡು ಕಲೆ ಉಳಿದಿತ್ತು. ಸೆರಗು ಸಿಕ್ಕಿಸಿ, ಸೀಗೆಪುಡಿ ಕಲಸಿಕೊಂಡು ಉಜ್ಜಲು ಕೂತೆ.